ಹುರುಳಿಯ ಮೇಲೆ ನಿಂತ ಲಾರಿ

ನನ್ನ ಮೊಮ್ಮಗಳಿಗೆ ಕೆಲಸ ಖಾಯಂ ಆಯಿತು! ಯಲಹಂಕದ ಲಾರಿ ಗ್ಯಾರೇಜಿನಲ್ಲಿ ಇನ್ನು ಅವಳು ಮೆಕ್ಯಾನಿಕ್, ಹೆಲ್ಪರ್ ಅಲ್ಲ. ಅವತ್ತು ಸಂಜೆ ನಮ್ಮ ಜಕ್ಕೂರಿನಲ್ಲಿ ಎದುರು ಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ. ಅದೇ ಬೆಳಿಗ್ಗೆ ಅವಳು ನನ್ನ ಕಣ್ಣೆದುರೇ ಸುಟ್ಟುಹೋಗುತ್ತಾಳೆ ಅಂದುಕೊಂಡಿದ್ದೆ.

ಹುರುಳಿ ಕಿತ್ತ ಕಾಲ. ಕಣ ಮಾಡಲು ನಮ್ಮಲ್ಲಿ ಈಗ ಜಾಗವೆಲ್ಲಿದೆ? ಟಾರು ರಸ್ತೆಗೆ ಹರಡಿದರೆ ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಅವತ್ತು ಹೊರದೇಶದ ಒಂದು ಭಾರಿ ಕ್ರೇನ್ ಲಾರಿ ತೆವಳಿಕೊಂಡು ಬಂದು ನಮ್ಮ ಹುರುಳಿಯ ಮೇಲೇ ನಿಂತಿತು. ಯಾವುದೋ ಎಚ್ಚರಿಕೆಯ ದೀಪ ಹತ್ತಿದೆ, ಗಾಡಿ ಎಳೆಯುತ್ತಿಲ್ಲ ಎಂದು ಡ್ರೈವರ್ ಗ್ಯಾರೇಜಿಗೆ ಫೋನ್ ಮಾಡಿದ. ಬಂದವಳು ನನ್ನ ಮೊಮ್ಮಗಳೇ, ಲ್ಯಾಪ್‌ಟಾಪ್ ಹಿಡಿದು, ಒಬ್ಬಳೇ. “ಇದನ್ನ ನೀನೊಬ್ಳೇ ಸರಿ ಮಾಡ್ಕೊಂಡ್ ಬಾ, ಆಮೇಲೆ ಖಾಯಂ ವಿಚಾರ ನೋಡೋಣ” ಎಂದಿದ್ದರಂತೆ ಓನರು.

“ಏನಾಗೈತವ್ವಾ ಇದಕ್ಕೆ?” ಎಂದೆ.

“ಸೈಲೆನ್ಸರ್ ಒಳಗೊಂದು ಫಿಲ್ಟರ್ ಇದೆ ತಾತ. ಹೊಗೇಲಿರೋ ಮಸೀನ ಹಿಡ್ಕೊಳ್ಳುತ್ತೆ. ಈಗ ಕಟ್ಕೊಂಡ್ಬಿಟ್ಟಿದೆ. ನಿಂತಲ್ಲೇ ಇಂಜಿನ್ ಜೋರಾಗಿ ಓಡ್ಸಿ ಆ ಮಸೀನ ಒಳಗೇ ಸುಡ್ಬೇಕು. ಸೈಲೆನ್ಸರ್ ಕೆಂಡದ್ ಥರ ಕಾಯುತ್ತೆ, ಕೆಳಗಿರೋದನ್ನೆಲ್ಲ ಎಳೆದ್ಬಿಡಿ.”

ನಾನೂ ಡ್ರೈವರೂ ಕವೆಗೋಲಿನಿಂದ ಎಳೆದು ಲಾರಿಯ ಅಡಿ ಬಯಲು ಮಾಡಿದೆವು. ಅವಳು ಬಗ್ಗಿ ನೋಡಿ, ಕ್ಯಾಬಿನ್ ಹತ್ತಿ ಲ್ಯಾಪ್‌ಟಾಪನ್ನು ಗಾಡಿಗೆ ಜೋಡಿಸಿ ಗಾಜು ಏರಿಸಿದಳು. ಡ್ರೈವರ್ ಟೀ ಕುಡಿಯಲು ಹೋದ. ಇಂಜಿನ್ ಒಂದೇ ಸಮನೆ ಅರಚತೊಡಗಿತು.

ಆಚೆ ಮಗ್ಗುಲಿಗೆ ನನ್ನ ಹೆಂಡತಿ ಬಂದದ್ದು ನನಗೆ ಕಾಣಲಿಲ್ಲ. ನಿಂತ ಗಾಡಿ ಕಂಡರೆ ಚಕ್ರದ ಹಿಂದೆ ಮುಂದೆ ಹುರುಳಿ ತಳ್ಳಿಡುವುದು ನಮ್ಮ ಹೆಂಗಸರ ರೂಢಿ, ಹೊರಟಾಗ ಚೆನ್ನಾಗಿ ತುಳಿಯಲಿ ಎಂದು. ಅವಳೂ ಒಣ ಬಳ್ಳಿ ತಬ್ಬಿ ತಬ್ಬಿ ತಂದು ಒಟ್ಟಿದ್ದಳು, ಸರಿಯಾಗಿ ಸೈಲೆನ್ಸರ್ ಬಾಯಿಗೆ.

ಮೊದಲು ಹೊಗೆ. ಆಮೇಲೆ ಭಗ್ಗೆಂದಿತು. ಪಕ್ಕದಲ್ಲೇ ಡೀಸೆಲ್ ಟ್ಯಾಂಕ್. ಮೇಲೆ ನನ್ನ ಮಗು, ಲ್ಯಾಪ್‌ಟಾಪಿಗೆ ತಲೆ ತಗ್ಗಿಸಿ ಕೂತಿದೆ. ಕೂಗಿದೆ; ಆ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಹೇಗೋ ಓಡಿ ಕವೆಗೋಲಿನಿಂದ ಬಾಗಿಲಿಗೆ ಬಡಿದೆ.

“ಬೆಂಕಿ! ಇಳಿಯೇ ನಮ್ಮವ್ವಾ, ಇಳಿಯೇ!”

ಅವಳು ಕನ್ನಡಿಯಲ್ಲಿ ನೋಡಿದಳು. ಇಳಿಯಲಿಲ್ಲ. ಗಾಜು ಇಳಿಸಿ “ಅಜ್ಜೀನ ದೂರ ಎಳ್ಕೊಳ್ಳಿ!” ಎಂದು ಕಿರುಚಿ ಗೇರ್ ಹಾಕಿದಳು. ಶಕ್ತಿಯಿಲ್ಲದ ಗಾಡಿ, ಉರಿಯ ಮೇಲೇ ಆಮೆಯಂತೆ ತೆವಳಿತು. ನಾನು ಆಚೆ ಮಗ್ಗುಲಿಗೆ ಓಡಿ ಹೆಂಡತಿಯನ್ನು ದೂರ ಎಳೆದುಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ಬೆಂಕಿ ರಸ್ತೆಯ ಮೇಲಿತ್ತು, ಲಾರಿ ಅದನ್ನು ದಾಟಿತ್ತು.

ಅಕ್ಕಪಕ್ಕದವರು ನೀರು ಸುರಿದರು. ಅವಳು ಟಾರ್ಚ್ ಹಿಡಿದು ಲಾರಿಯ ಅಡಿಗೆ ತೂರಿದಳು. ಎಲ್ಲೂ ಬೆಂಕಿ ತಗುಲಿಲ್ಲವೆಂದು ನೋಡಿಕೊಂಡು ಹೊರಗೆ ಬಂದಳು.

“ಚೆನ್ನಾಗ್ ತುಳೀಲಿ ಅಂತ ತಳ್ದೆ ಕಣವ್ವಾ” ಎಂದು ನನ್ನವಳು ಅಳುತ್ತಿದ್ದಳು.

“ಬಿಡಿಸೋ ಕಾಳನ್ನ ಹುರಿದೇ ಬಿಟ್ರಲ್ಲಜ್ಜಿ!” ಎಂದು ಮೊಮ್ಮಗಳು ನಕ್ಕಳು.

“ಸಾಕು, ಮನೆಗ್ ನಡಿ. ಇಂಗೆ ಪ್ರಾಣ ಕೊಟ್ ಮಾಡೋ ಕೆಲಸ ಬ್ಯಾಡ” ಎಂದೆ.

“ಮಸಿ ಸುಡೋದು ಅರ್ಧಕ್ಕೇ ನಿಂತಿದೆ ತಾತ. ಇಲ್ಲಿಗ್ ಬಿಟ್ರೆ ಫಿಲ್ಟರ್ ಪೂರ್ತಿ ಕಟ್ಕೊಳ್ಳುತ್ತೆ.”

ಬರೀ ನೆಲ ನೋಡಿ ಲಾರಿ ನಿಲ್ಲಿಸಿ ಮತ್ತೆ ಶುರುಮಾಡಿದಳು. ನಾನು ನೀರಿನ ಕೊಡ ಹಿಡಿದು ಸೈಲೆನ್ಸರನ್ನೇ ನೋಡುತ್ತ ಕೂತೆ. ಕೊನೆಗೂ ಆ ದೀಪ ಆರಿತು. ಮಸಿ ಸುಟ್ಟರೂ ಬೂದಿ ಒಳಗೇ ಉಳಿಯುತ್ತದಂತೆ. ಗ್ಯಾರೇಜಿನಲ್ಲಿ ಫಿಲ್ಟರ್ ಬಿಚ್ಚಿ ಹಿಂದುಮುಂದಾಗಿ ಗಾಳಿ ಹೊಡೆದು ತೆಗೆಯಬೇಕು. ಅದಕ್ಕೆಂದು ಲಾರಿಯ ಜೊತೆಗೇ ಹೋದಳು. ಸಂಜೆ ಖಾಯಂ ಸುದ್ದಿ ಹೊತ್ತು ಬರುವವರೆಗೂ ನಾನು ಮನೆಯ ಗೇಟು ಬಿಟ್ಟು ಕದಲಲಿಲ್ಲ.

ರಾತ್ರಿ ಸೊಸೆ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತೆವು. ಮೊಮ್ಮಗಳು ತುತ್ತು ನುಂಗುವುದನ್ನೇ ನೋಡುತ್ತಿದ್ದೆ.

“ನನ್ನೇನ್ ನೋಡ್ತೀರಾ ತಾತ, ಮುದ್ದೆ ಆರೋಗುತ್ತೆ, ತಿನ್ನಿ” ಎಂದು ಗದರಿದಳು. ಮುದ್ದೆ ಮುರಿದೆ.