ಗೋಡೆಯ ಕಡೆಗಿದ್ದ ಕೈ

ಶರಣ ಬಂಧುಗಳೇ, ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ದಿನ ನಡೆದದ್ದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಅಕ್ಕ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಗಿಹೋಗಿರುವುದೆಷ್ಟು ಎಂದು ಬೇರೆ ಮಾಡಿ ಹೇಳಲು ನನಗೆ ಈಗ ಬರುವುದಿಲ್ಲ. ಕಣ್ಣು ಮುಚ್ಚಿದರೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಆದರೆ ಆ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ.

ವರ್ಷ ಎಂಬತ್ತೊಂಬತ್ತರ ಕೊನೆಯೋ ತೊಂಬತ್ತರ ಮೊದಲೋ. ಕಬ್ಬಿನ ಹಂಗಾಮು ನಡೆದಿತ್ತು, ಅದಂತೂ ಖಂಡಿತ. ನಾನು ಆಗ ಮುಂಬೈನ ಒಂದು ಆಸ್ಪತ್ರೆಯಲ್ಲಿ ಎಂ.ಡಿ. ಎರಡನೆಯ ವರ್ಷದಲ್ಲಿದ್ದೆ. ನನ್ನ ವಿಷಯದ ಹೆಸರು ಹೇಳಿದರೆ ಅಥಣಿ ಕಡೆಯ ನಮ್ಮೂರು ಅನಂತಪುರದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಲಕ್ವಾ ಹೊಡೆದವರು, ಬೆನ್ನುಮೂಳೆ ಮುರಿದವರು, ಕೈಕಾಲು ಕಳೆದುಕೊಂಡವರು ಮತ್ತೆ ಎದ್ದು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತೆ ತಯಾರು ಮಾಡುವ ವಿಭಾಗ ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಮುಗಳಖೋಡಕ್ಕೆ ಕೊಟ್ಟ ನನ್ನ ಅಕ್ಕ ಅದನ್ನೆಲ್ಲ ಕೇಳಿ, ಇದಕ್ಕೆ ಮುಂಬೈಗೆ ಯಾಕೆ ಹೋಗಬೇಕಿತ್ತು, ನಮ್ಮ ತಾಲೀಮಿನ ಪೈಲ್ವಾನರೂ ಕೈಕಾಲು ತಿಕ್ಕುತ್ತಾರಲ್ಲ ಎಂದು ನಕ್ಕಿದ್ದಳು.

ಬೇರೆ ವಿಭಾಗದ ಗೆಳೆಯರು ರೋಗ ಗುಣಪಡಿಸಿ ಮನೆಗೆ ಕಳಿಸುತ್ತಿದ್ದರು. ನಮ್ಮಲ್ಲಿಗೆ ಬರುತ್ತಿದ್ದವರು ಗುಣವಾಗದೆ ಉಳಿದವರು. ಬೆಳಿಗ್ಗೆ ಎದ್ದರೆ ಬೆನ್ನುಹುಣ್ಣು ನೋಡುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದಾರೋ ಇಲ್ಲವೋ ವಿಚಾರಿಸುವುದು, ಮೂತ್ರದ ನಳಿಗೆ ತಾವೇ ಹಾಕಿಕೊಳ್ಳಲು ಕಲಿಸುವುದು. ಮಧ್ಯಾಹ್ನ ಕೃತಕ ಕಾಲಿನ ಅಳತೆ, ಕೈತುಂಬ ಪ್ಲಾಸ್ಟರ್. ಸಂಜೆ ಪಾಠ. ಒಬ್ಬ ಮನುಷ್ಯ ಶರ್ಟಿನ ಗುಂಡಿ ತಾನೇ ಹಾಕಿಕೊಂಡನೆಂದರೆ ಆ ತಿಂಗಳು ನಮಗೆ ಅದೇ ಹಬ್ಬ. ಇದನ್ನೆಲ್ಲ ನೋಡುತ್ತ ನೋಡುತ್ತ ದೇವರ ವಿಷಯದಲ್ಲಿ ನನಗೆ ಸಿಟ್ಟೂ ಉಳಿದಿರಲಿಲ್ಲ, ಬರೀ ದಣಿವು ಉಳಿದಿತ್ತು. ಕೊರಳಲ್ಲಿದ್ದ ಲಿಂಗವನ್ನು ಕಾಲೇಜಿನ ದಿನಗಳಲ್ಲೇ ತೆಗೆದು ಟ್ರಂಕಿನ ತಳಕ್ಕೆ ಹಾಕಿದ್ದೆ.

ಅವ್ವನಿಗೆ ಲಕ್ವಾ ಹೊಡೆದಿದೆ ಎಂಬ ತಂತಿ ಹಾಸ್ಟೆಲಿಗೆ ಬಂತು. ಅವಳನ್ನು ಸೇರಿಸಿದ್ದ ಮಿರಜಿನ ಆಸ್ಪತ್ರೆಗೆ ನಾನು ಬಂದು ಮುಟ್ಟುವಷ್ಟರಲ್ಲಿ ಅವಳಿಗೆ ಪ್ರಜ್ಞೆ ಮರಳಿತ್ತು. ಮೂಗಿನ ನಳಿಗೆಯನ್ನು ಬಲಗೈಯಿಂದ ಕಿತ್ತೆಸೆದಿದ್ದಳು. ಎಡಗೈ, ಎಡಗಾಲು ಸತ್ತಂತಿದ್ದವು. ಇಪ್ಪತ್ತು ದಿನದ ಮೇಲೆ ಅಲ್ಲಿಯ ಡಾಕ್ಟರು, ಇನ್ನು ಮುಂದಿನದು ನಿಮ್ಮದೇ ವಿಷಯ, ಮನೆಗೆ ಒಯ್ದು ವ್ಯಾಯಾಮ ಮಾಡಿಸಿ ಎಂದರು. ಜೀಪಿನಲ್ಲಿ ಮಲಗಿಸಿ, ಕಾಗವಾಡದ ಮೇಲಿಂದ ಅನಂತಪುರಕ್ಕೆ ತಂದೆವು. ಪಡಸಾಲೆಯಲ್ಲಿ ಮಂಚ ಹಾಕಿದೆವು. ಬಿದ್ದುಬಿಟ್ಟಾಳೆಂಬ ಭಯಕ್ಕೆ ಮಂಚದ ಒಂದು ಬದಿಯನ್ನು ಗೋಡೆಗೆ ಒತ್ತಿ ಇಟ್ಟವನು ನಾನೇ.

ಅವ್ವ ಲಿಂಗಪೂಜೆ ಆಗದೆ ತುತ್ತು ಮುಟ್ಟಿದವಳಲ್ಲ. ಆಸ್ಪತ್ರೆಯಲ್ಲಿ ಅವಳ ಮಾತು ನಡೆದಿರಲಿಲ್ಲ, ಮನೆಯಲ್ಲಿ ನಡೆಯಿತು. ಆರೈಕೆಗೆಂದು ಬಂದು ಉಳಿದಿದ್ದ ಅಕ್ಕ ಮೊದಲ ದಿನವೇ ವಿಭೂತಿ, ಪತ್ರಿ ಎಲ್ಲ ಹೊಂದಿಸಿಕೊಂಡು, ಮುಷ್ಟಿ ಬಿಗಿದುಕೊಂಡಿದ್ದ ಎಡಗೈಯನ್ನು ಎತ್ತಿ ಅವಳ ಎದೆಯ ಮೇಲೆ ತಂದಿಟ್ಟಳು. ಅವ್ವ ಅದನ್ನು ಬಲಗೈಯಿಂದ ಮುಟ್ಟಿ ನೋಡಿದಳು.

"ಇದು ಯಾರ ಕೈ? ನನ್ನ ಹಾಸಿಗ್ಯಾಗ ಯಾರ ತಂದು ಇಟ್ರು?"

ನಿನ್ನದೇ ಕೈ ಎಂದು ಅಕ್ಕ ಹೇಳಿದಳು.

"ನಂದ್ಯಾಕ ಹಿಂಗಿದ್ದೀತು. ನಿಮ್ಮಪ್ಪಂದಿರಬೇಕ ನೋಡು. ಎಲ್ಲಿ ಬೇಕಲ್ಲಿ ಸಾಮಾನ ಬಿಟ್ಟು ಹೋಗೂದು ಆತಗ ಹೊಸಾದೇನಲ್ಲ."

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅಕ್ಕ ನಕ್ಕಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನನಗೆ ಆಶ್ಚರ್ಯವಾಗಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಗಡೆ ಎಂಬುದೇ ಇಲ್ಲವಾಗುತ್ತದೆ. ತಾಟಿನ ಬಲ ಅರ್ಧ ಉಂಡು ಎದ್ದುಬಿಡುತ್ತಾರೆ, ಎಡಗಡೆ ನಿಂತು ಮಾತಾಡಿದರೆ ಬಲಗಡೆ ಹುಡುಕುತ್ತಾರೆ. ಅಂಥವರನ್ನು ವಾರ್ಡಿನಲ್ಲಿ ಎಷ್ಟೋ ನೋಡಿದ್ದೆ. ಅವ್ವ ಬಲಗಡೆಯಿಂದ ಕರೆದರಷ್ಟೇ ಓಗೊಡುತ್ತಾಳೆ ಎಂದು ನಾವು ಮಾತು, ಔಷಧ, ವ್ಯಾಯಾಮ ಎಲ್ಲವನ್ನೂ ಬಲಗಡೆಯಿಂದಲೇ ಮಾಡಿದೆವು. ದಿನಕ್ಕೆ ನಾಲ್ಕು ಸಲ ನಾನು ಅವಳ ಮೈಮೇಲಿಂದ ಬಾಗಿ ಆಚೆಯ ಮುಷ್ಟಿಯನ್ನು ಬಿಡಿಸುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿದ್ದಳೇ ಹೊರತು ಆ ಕೈಯನ್ನಲ್ಲ. ಬಿಟ್ಟೊಡನೆ ಮುಷ್ಟಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ನಿಜವಾದ ಕಷ್ಟ ಊಟದ್ದು. ಲಿಂಗ ಇಡುವುದು ಎಡಗೈಯಲ್ಲಿ. ತೋರಿಸಿದ ಕೈ ತನ್ನದಲ್ಲ. ತನ್ನ ಎಡಗೈ ತಂದುಕೊಡಿ, ಪೂಜೆ ಮಾಡಿ ಉಣ್ಣುತ್ತೇನೆ ಎಂಬುದು ಅವಳ ಒಂದೇ ಮಾತು. ಹಟವೂ ಅಲ್ಲ, ಅಳುವೂ ಅಲ್ಲ, ಕಳೆದ ಸಾಮಾನು ಕೇಳುವವರ ಹಾಗೆ ಶಾಂತವಾಗಿ ಕೇಳುತ್ತಿದ್ದಳು. ಗುಳಿಗೆಯ ನೆಪದಲ್ಲಿ ಅಕ್ಕ ಅರ್ಧ ಲೋಟ ಹಾಲು ಕುಡಿಸುತ್ತಿದ್ದಳು, ಅಷ್ಟೇ.

ನಾನು ಕಲಿತ ವಿದ್ಯೆಯ ಪ್ರಕಾರ ಇದಕ್ಕೆ ದಾರಿಗಳಿದ್ದವು. ಒಂದು ಕೈ ಆಗದಿದ್ದರೆ ಇನ್ನೊಂದು ಕೈ, ಅದೂ ಆಗದಿದ್ದರೆ ಒಂದು ಸಲಕರಣೆ. ಬಡಗಿಯಿಂದ ಅಂಗೈ ಅಗಲದ ಹಲಗೆ ಮಾಡಿಸಿ, ಮುಷ್ಟಿಯನ್ನು ಬಿಚ್ಚಿ ಪಟ್ಟಿಯಿಂದ ಅದಕ್ಕೆ ಕಟ್ಟಿ, ಮೇಲೆ ಲಿಂಗ ಇಟ್ಟು ತೋರಿಸಿದೆ. ಇದು ಹಲಗೆಯ ಪೂಜೆ, ಬಡಗಿಯೇ ಮಾಡಲಿ ಎಂದಳು ಅವ್ವ. ಮಠದ ಅಯ್ಯನವರನ್ನು ಕರೆತಂದೆ. ಅವರು ಮಂಚದ ಹತ್ತಿರ ಕುಳಿತು, ಬಲಗೈಯಲ್ಲಿ ಇಟ್ಟುಕೊಳ್ಳಲು ಸಮಾಧಾನದಿಂದ ಹೇಳಿದರು.

"ಆಪತ್ತಿನ್ಯಾಗ ನಡೀತೈತಿ ತಾಯಿ. ದೇವರು ಯಾವ ಕೈ ಅಂತ ನೋಡೂದಿಲ್ಲ."

"ದೇವ್ರು ನೋಡೂದಿಲ್ರಿ," ಎಂದಳು ಅವ್ವ, "ನಾ ನೋಡ್ತೇನಲ್ರಿ."

ಅಯ್ಯನವರು ಎದ್ದು ಹೊರಗೆ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು.

ಹೀಗೆ ಹತ್ತೋ ಹನ್ನೆರಡೋ ದಿನ. ಅವಳ ಕಣ್ಣು ಗುಳಿಬಿದ್ದವು, ತುಟಿ ಒಣಗಿ ಸಿಪ್ಪೆ ಏಳತೊಡಗಿತು. ಉಳಿದದ್ದು ಒಂದೇ ದಾರಿ, ಮತ್ತೆ ಮೂಗಿನಿಂದ ನಳಿಗೆ ಇಳಿಸುವುದು. ಆದರೆ ಅವಳು ಅದನ್ನು ಕಿತ್ತೇ ಕೀಳುತ್ತಾಳೆ. ಕೀಳದಿರಬೇಕಾದರೆ ಬಲಗೈಯನ್ನು ಮಂಚಕ್ಕೆ ಕಟ್ಟಬೇಕು. ತನ್ನದು ಎಂದು ಅವಳು ಒಪ್ಪುವ ಕೈ ಅದೊಂದೇ.

ಮುಂಬೈಯಿಂದ ಬೇರೆ ಪತ್ರ ಬಂದಿತ್ತು. ಇನ್ನೊಂದು ವಾರ ಮೀರಿದರೆ ಒಂದು ಅವಧಿ ಪೂರ್ತಿ ಹೋಗುತ್ತದೆ, ಪರೀಕ್ಷೆ ಮುಂದಿನ ವರ್ಷಕ್ಕೆ. ಅದನ್ನು ಓದಿ ಮಡಚಿಟ್ಟದ್ದು ನೆನಪಿದೆ. ಬೇಸರವಾಯಿತೋ ಇಲ್ಲವೋ ನೆನಪಿಲ್ಲ.

ಆ ದಿನ ಬೆಳಿಗ್ಗೆ ಅಥಣಿಗೆ ಹೋದೆ. ಔಷಧದ ಅಂಗಡಿಯಲ್ಲಿ ನಳಿಗೆ, ದೊಡ್ಡ ಸಿರಿಂಜು, ಕೈ ಕಟ್ಟಲು ನಾಲ್ಕು ಬೆರಳಗಲದ ಬ್ಯಾಂಡೇಜು ಕೊಂಡೆ. ಮರಳುವ ಬಸ್ಸು ಊರು ದಾಟಿದ್ದೇ ತಡ, ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಒಂದು ಟ್ರ್ಯಾಲಿ ಪಲ್ಟಿಯಾಗಿ ರಸ್ತೆಯ ತುಂಬ ಕಬ್ಬು. ಜನ ಇಳಿದು ನಿಂತರು. ನಾನು ಏಳಲಿಲ್ಲ. ಪ್ಲಾಸ್ಟಿಕ್ ಚೀಲ ತೊಡೆಯ ಮೇಲಿತ್ತು. ರೂಢಿಯಿಂದಲೋ ಏನೋ ಕೈ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಅಲ್ಲಿ ಕುಳಿತು ನಾನು ಬೇಡಿದೆ. ಬೇಡಿದ ಮಾತುಗಳು ಇವೇ ಎಂದು ಆಣೆ ಮಾಡಲಾರೆ, ಹತ್ತಿರದವು. ನನಗೆ ನಿನ್ನ ಮೇಲೆ ನಂಬಿಕೆಯಿಲ್ಲ, ನನ್ನ ಮುಖ ನೋಡಿ ಏನೂ ಕೊಡಬೇಡ. ಅವಳ ಮುಖ ನೋಡು. ಅವಳ ಕೈ ಸರಿಮಾಡು ಎಂದು ಕೇಳುವುದಿಲ್ಲ, ಆಗದು ಎಂದು ನಾನು ಓದಿದ್ದೇನೆ. ಆ ಬಲಗೈಯನ್ನು ನನ್ನ ಕೈಯಿಂದ ಕಟ್ಟಿಸಬೇಡ, ಇಷ್ಟೇ.

ಇನ್ನು ಮನೆಯಲ್ಲಿ ನಡೆದದ್ದು. ಇದು ಅಕ್ಕ ಹೇಳಿದ್ದು. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳಂತೆ. ಏನೋ ತರಲು ಪಡಸಾಲೆಗೆ ಬಂದರೆ ಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆ. ಇರುವೆ. ಬೆಳಿಗ್ಗೆ ಕುಡಿಸಿದ ಸಕ್ಕರೆ ಹಾಲು ಅವ್ವನ ಎಡ ಕಟವಾಯಿಯಿಂದ ಸೋರಿ, ತೋಳಿನಗುಂಟ ಇಳಿದು, ಆ ಮುಷ್ಟಿಯೊಳಗೆ ಹೋಗಿ ನಿಂತಿತ್ತು. ನಮಗೆ ಯಾರಿಗೂ ಕಂಡಿರಲಿಲ್ಲ. ನಾವು ಯಾರೂ ಆ ಕಡೆ ಹೋಗುತ್ತಲೇ ಇರಲಿಲ್ಲ. ಅಕ್ಕ ಮಂಚವನ್ನು ಒಬ್ಬಳೇ ಪಡಸಾಲೆಯ ನಡುವಿನವರೆಗೆ ಎಳೆದಳು. ಗೋಡೆಗೂ ಮಂಚಕ್ಕೂ ನಡುವೆ ಕುಳಿತು, ಆ ಕೈಯನ್ನು ತೊಡೆಯ ಮೇಲೆ ತೆಗೆದುಕೊಂಡು, ಒಂದೊಂದೇ ಬೆರಳು ಬಿಡಿಸಿ ಇರುವೆ ತೆಗೆಯತೊಡಗಿದಳು.

ಅವ್ವ ಆ ಕಡೆ ತಿರುಗಿದಳು. ಲಕ್ವಾ ಹೊಡೆದ ಮೇಲೆ ಮೊದಲ ಸಲ.

"ಯಾರದು ಆ ಕಡೆ?"

"ನಾನಬೇ. ಸುಮ್ನಿರು."

"ಏನ್ ಮಾಡಾಕತ್ತಿ?"

"ಇರುವಿ ತಗ್ಯಾಕತ್ತೇನಿ."

"ಯಾರ ಕೈಯಾಗಿಂದು?"

ಅಕ್ಕನಿಗೆ ಅಷ್ಟು ದಿನದ ಸಿಟ್ಟೆಲ್ಲ ಒಮ್ಮೆಲೇ ಬಂತಂತೆ. "ನೀನ ಹೇಳು ಯಾರ ಕೈಯಂತ."

ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ, "ಉರಿಯಾಕತ್ತೈತಿ," ಎಂದಳು. "ನಂದ ಇರಬೇಕು."

ಅಕ್ಕ ಕೈ ತೊಳೆಸಿದಳು. ವಿಭೂತಿ ಹಚ್ಚಿದಳು. ತನ್ನ ಅಂಗೈಯನ್ನು ಅವ್ವನ ಅಂಗೈಯ ಕೆಳಗೆ ಆನಿಸಿ ಹಿಡಿದು ಲಿಂಗ ಇಟ್ಟಳು. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಅವ್ವ ಪೂಜೆ ಕಲಿಸಿದ್ದು ಹೀಗೆಯೇ, ಕೈಯ ಕೆಳಗೆ ಕೈಕೊಟ್ಟು.

ನಾನು ಬಾಗಿಲಿಗೆ ಬಂದದ್ದು ಆಗ. ಎದುರಿಗೆ ಕಂಡದ್ದು ಅವ್ವನ ತುರುಬು, ಅಷ್ಟೇ. ಮುಖ ಆಚೆ, ಗೋಡೆಯ ಕಡೆಗಿತ್ತು. ಇದು ಮಾತ್ರ ನನ್ನ ಸ್ವಂತ ನೆನಪು ಎಂದು ಎದೆಮುಟ್ಟಿ ಹೇಳಬಲ್ಲೆ, ಯಾಕೆಂದರೆ ಅಷ್ಟು ದಿನ ಆ ತುರುಬು ನನಗೆ ಕಂಡೇ ಇರಲಿಲ್ಲ. ಒಳಗೆ ಕಾಲಿಡಹೋದರೆ ಅಕ್ಕ ಕಣ್ಣಿನಿಂದಲೇ ತಡೆದಳು. ಪೂಜೆ ಮುಗಿಯುವವರೆಗೆ ಚೀಲ ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತೆ. ಮುಗಿದ ಮೇಲೆ ಅವ್ವ ಜೋಳದ ನುಚ್ಚು, ಹಾಲು ಕೇಳಿದಳು. ತಾಟಿನ ಬಲ ಅರ್ಧ ಉಂಡಳು. ಅಕ್ಕ ತಾಟು ತಿರುಗಿಸಿಟ್ಟಳು. ಇನ್ನರ್ಧವನ್ನೂ ಉಂಡಳು.

ನಾನು ಹಿತ್ತಿಲಿಗೆ ಹೋಗಿ ಕುಳಿತೆ. ನಾನು ಅತ್ತೆನೆಂದು ಅಕ್ಕ ಹೇಳುತ್ತಾಳೆ. ನಿದ್ದೆ ಹೋದೆನೆಂದು ನನ್ನ ನೆನಪು.

ಅಂದಿನಿಂದ ದಿನಕ್ಕೆರಡು ಸಲ ಪೂಜೆ. ಅಷ್ಟು ಹೊತ್ತು ಅವಳು ಎಡಗೈಯನ್ನೇ ದಿಟ್ಟಿಸಿ ನೋಡುತ್ತ ಕೂಡಬೇಕಾಗುತ್ತಿತ್ತು. ಅಂಥ ರೋಗಿಗಳಿಂದ ನಾವು ಮಾಡಿಸಲು ಹೆಣಗುತ್ತಿದ್ದದ್ದೂ ಅದನ್ನೇ. ಆರು ದಿನದ ಮೇಲೆ ನಾನು ಮುಂಬೈ ಬಸ್ಸು ಹತ್ತಿದೆ. ಅವಳ ಕೈ ಪೂರ್ತಿ ಸರಿಯಾಗಲಿಲ್ಲ. ಬೆರಳು ಅರ್ಧ ಬಿಚ್ಚುತ್ತಿದ್ದವು, ಲಿಂಗ ನಿಲ್ಲುವಷ್ಟು. ಮುಂದೆ ಬದುಕಿದ್ದಷ್ಟು ವರ್ಷವೂ ಅವಳು ಪೂಜೆ ತಪ್ಪಿಸಲಿಲ್ಲ, ಊಟವನ್ನೂ ಬಿಡಲಿಲ್ಲ.

ಇರುವೆ ಮೊದಲೋ, ಬಸ್ಸಿನಲ್ಲಿ ನಾನು ಬೇಡಿದ್ದು ಮೊದಲೋ? ಅಕ್ಕನನ್ನು ಎಷ್ಟೋ ಸಲ ಕೇಳಿದ್ದೇನೆ. ಇರುವೆ ಕಂಡಾಗ ಊರ ಶಾಲೆಯ ಗಂಟೆ ಹೊಡೆದಿತ್ತು ಎಂದು ಒಮ್ಮೆ ಹೇಳುತ್ತಾಳೆ, ಒಮ್ಮೆ ಇನ್ನೂ ಹೊಡೆದಿರಲಿಲ್ಲ ಎನ್ನುತ್ತಾಳೆ. ನನ್ನ ಬೇಡಿಕೆಗೂ ಮೊದಲೇ ಇರುವೆ ಹೊರಟಿದ್ದರೆ ನನ್ನ ಋಣ ಕಡಿಮೆಯಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ನಾನು ಕೇಳಿದ್ದು ಆ ಬಲಗೈಯನ್ನು ಕಟ್ಟದಂತೆ ಕಾಪಾಡು ಎಂದು. ಕಟ್ಟಲಿಲ್ಲ. ಬ್ಯಾಂಡೇಜು ಬಿಚ್ಚದೆ ಹಾಗೆಯೇ ಉಳಿಯಿತು. ಈಗ ಕೊರಳಲ್ಲಿ ಲಿಂಗವಿದೆ. ಇಂದಿಗೂ ನಾನು ಪ್ರಶ್ನೆ ಕೇಳುವವನೇ, ಆದರೆ ಕೇಳುವ ಮೊದಲು ಕೈಮುಗಿಯುತ್ತೇನೆ. ಆ ತಂದೆಯ ಕರುಣೆಯನ್ನು ನಿಮ್ಮೆದುರು ಹೇಳದೆ ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಕ್ಷಮೆಯಿರಲಿ.

ಮುಂಬೈಗೆ ಮರಳಿದಾಗ ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲ ಕೇಳಿಸಿಕೊಂಡು, ಮಂಚ ಮೊದಲು ಯಾವ ಕಡೆ ಗೋಡೆಗೆ ಹತ್ತಿತ್ತು ಎಂದು ವಿಚಾರಿಸಿದ್ದರು. ಎಡಗಡೆ ಎಂದೆ. ಅವರು ನನ್ನನ್ನು ನೋಡಿದರು, ಬೈಯಲಿಲ್ಲ. ಎಡಗಡೆಯ ಪರಿವೆಯಿಲ್ಲದ ರೋಗಿಗೆ ಆ ಕಡೆಯಿಂದಲೇ ಜನ ಬರಬೇಕು, ಮಾತು ಬರಬೇಕು, ಊಟ ಬರಬೇಕು. ಇದನ್ನು ಆಗ ನನಗೆ ಇನ್ನೂ ಕಲಿಸಿರಲಿಲ್ಲ ಎಂದು ಬಹಳ ದಿನ ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ. ಪರೀಕ್ಷೆ ಮುಗಿದು ಹಾಸ್ಟೆಲ್ ಕೋಣೆ ಖಾಲಿ ಮಾಡುವಾಗ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಅವ್ವನಿಗೆ ಲಕ್ವಾ ಹೊಡೆಯುವ ನಾಲ್ಕು ತಿಂಗಳ ಮೊದಲಿನ ಪುಟ. ಇಂಥ ರೋಗಿಯ ಮಂಚದ ಎಡಬದಿಯನ್ನು ಎಂದೂ ಗೋಡೆಗೆ ಹಚ್ಚಬಾರದು ಎಂದು ಬರೆದಿತ್ತು. ಅಕ್ಷರ ನನ್ನದೇ. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೆ.