ಸೂರಿಗೆ ಸಿಕ್ಕಿಸಿದ ಗ್ಲಾಸು

ಆಗ ನಮ್ಮ ಮಾನ್ವಿಯ ಕೇರಿಯಲ್ಲಿ ಬುಧವಾರವೆಂದರೆ ಮೊದಲು ಮೀನಿನ ವಾಸನೆ ಬರುತ್ತಿತ್ತು, ಹಿಂದೆಯೇ ನಿತಾಯಿ ಬರುತ್ತಿದ್ದ. ಸಿಂಧನೂರಿನ ಕಡೆಯ ಬಂಗಾಲಿ ಕ್ಯಾಂಪಿನವನು. ಹುಡುಗನಿದ್ದಾಗ ತನ್ನ ದೇಶದಲ್ಲಿ ಗಲಭೆಯೆದ್ದು ಓಡಿ ಬಂದವನಂತೆ. ತಲೆಯ ಮೇಲೆ ಮೀನಿನ ಬುಟ್ಟಿ, ಹೆಗಲಿಗೆ ನಾಲ್ಕು ತಂತಿಯ ದೋತಾರ. ಬುಟ್ಟಿ ಖಾಲಿಯಾದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಬಾರಿಸುತ್ತ ತನ್ನ ಭಾಷೆಯ ಪದ ಹಾಡುತ್ತಿದ್ದ. ನನ್ನ ತಾತ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ಒಬ್ಬರ ಹಾಡು ಇನ್ನೊಬ್ಬರಿಗೆ ಅರೆಬರೆ. ಆದರೂ ಅವರು ಶುರು ಮಾಡಿದರೆ ನಾವು ಹುಡುಗಿಯರು ಗಜಗ ಆಡುವುದನ್ನೇ ಮರೆಯುತ್ತಿದ್ದೆವು. ನಮ್ಮಜ್ಜಿ ಆಯಿ ಅವನಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ, ನಮ್ಮ ಗ್ಲಾಸಿನಲ್ಲೇ ಚಹಾ ಕೊಡುತ್ತಿದ್ದಳು.

ಆ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಪಕ್ಕದ ಮನೆಯ ಮುದುಕ ತೀರಿಕೊಂಡ. ನಮ್ಮಲ್ಲಿ ಭಜನೆ ಮಾಡದೆ ಹೆಣ ಎತ್ತುವುದಿಲ್ಲ. ತಾತ ಕರೆದ: "ಬಾರೋ ನಿತಾಯಿ, ಎರಡು ಪದಕ್ಕ ಕೈ ಕೂಡ್ಸು."

ನಿತಾಯಿಯ ಮುಖ ಬಿಳಚಿಕೊಂಡಿತು. "ಅದೊಂದು ಬ್ಯಾಡ ಅಣ್ಣಾ. ಹೆಣದ ಮುಂದ ನಾ ಬಾರ್ಸಂಗಿಲ್ಲ," ಎಂದವನೇ ಬುಟ್ಟಿ ಎತ್ತಿಕೊಂಡು ಹೊರಟ.

ಆಯಿಗೆ ಅದು ಎದೆಗೆ ನಾಟಿತು. "ನಮ್ಮ ರೊಟ್ಟಿ ಆಗ್ತದ, ನಮ್ಮ ಹೆಣ ಮೈಲಿಗಿ ಆತೇನು ಇವಂಗ? ದೇಶ ಬಿಟ್ಟು ಬಂದ್ರೂ ಜಾತಿ ಬಿಟ್ಟಿಲ್ಲ ನೋಡು!"

ಅವಳಿಗೆ ಬೇರೆ ಕಾರಣ ಹೊಳೆಯುವುದಾದರೂ ಹೇಗೆ? ಹೋಟೆಲಿನ ಹೊರಗೆ ತಮ್ಮವರಿಗೆಂದೇ ಇಟ್ಟ ಗ್ಲಾಸಿನಲ್ಲಿ ಕುಡಿದು, ತಾವೇ ತೊಳೆದಿಟ್ಟು ಬೆಳೆದವಳು.

ಮುಂದಿನ ಬುಧವಾರ ಸೂರಿನ ಸಂದಿಗೆ ಒಂದು ಸ್ಟೀಲ್ ಗ್ಲಾಸು ಸಿಕ್ಕಿಸಿದಳು. "ಇನ್ನ ಇವಂಗ ಅದ್ರಾಗ." ತಾತ ಬೈದ, ಅವಳು ಕೇಳಲಿಲ್ಲ. ಆಯಿಯ ಸಿಟ್ಟು ಬೇಗ ಆರುವಂಥದ್ದಲ್ಲ. ನನಗೂ ಅದೇ ಬಂದಿದೆ. ನಿತಾಯಿ ಅದರಲ್ಲೇ ಕುಡಿದ, ತೊಳೆದ, ಅಲ್ಲೇ ಸಿಕ್ಕಿಸಿದ. ರೊಟ್ಟಿಯೂ ನಿಂತಿತು. ಆದರೂ ಅವನು ಬರುವುದನ್ನು ಬಿಡಲಿಲ್ಲ.

ಬೇಸಿಗೆಗೆ ತಾತನೇ ತೀರಿಹೋದ. ಮೀನು ಮಾರಲು ಬಂದ ನಿತಾಯಿ ಬಾಗಿಲಲ್ಲೇ ನಿಂತ. ಆಯಿ ಮುಖ ತಿರುಗಿಸಿದಳು. ಅವನು ಬುಟ್ಟಿ ಇಳಿಸಿ, ತಾತನ ತಲೆಯ ಹತ್ತಿರ ಕೂತು ಬಾರಿಸತೊಡಗಿದ. ಹೆಣ ಎತ್ತುವವರೆಗೂ ನಿಲ್ಲಿಸಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆಯಿ ಕೇಳಿದಳು: "ಅವತ್ತ್ಯಾಕ ಒಲ್ಲೆ ಅಂದಿ?"

"ಓಡಿ ಬರ್ವಾಗ ನಮ್ಮಪ್ಪ ದಾರ್ಯಾಗ ಸತ್ತ ಯವ್ವಾ. ಇದು ಅವಂದ." ದೋತಾರ ಮುಟ್ಟಿದ. "ಬಡಿಯೋರು ಬೆನ್ನಹಿಂದ ಬರಾಕತ್ತಿದ್ರು. ಇದನ್ನ ಎತ್ಕೊಂಡೆ, ಅವನ್ನ ಗದ್ದ್ಯಾಗ ಬಿಟ್ಟೆ. ಸುಡ್ಲಿಲ್ಲ, ಒಂದು ಪದ ಹಾಡ್ಲಿಲ್ಲ. ಹೆತ್ತಪ್ಪಗ ಬಾರ್ಸದ ಕೈಲೆ ಇನ್ನೊಬ್ರಿಗೆ ಹ್ಯಾಂಗ ಬಾರ್ಸಲಿ? ಇವತ್ತ ಅಣ್ಣನ್ನ ನೋಡಿ ತಡೀಲಿಲ್ಲ. ಅದೂ ಪಾಪ ಅನಸ್ತದ."

ಪಕ್ಕದ ಮನೆಯಿಂದ ಚಹಾ ಬಂತು. ಆಯಿ ಅದನ್ನು ತಾತನ ಹಿತ್ತಾಳೆ ಲೋಟಕ್ಕೆ ಸುರಿದು ತರುವಷ್ಟರಲ್ಲಿ, ನಿತಾಯಿಯ ಕೈ ರೂಢಿಯಂತೆ ಸೂರಿನತ್ತ ಚಾಚಿತ್ತು. ಆಯಿ ಆ ಕೈ ಹಿಡಿದುಕೊಂಡು ಅತ್ತಳು.

"ನನಗ ಮಾಡಿದ್ದನ್ನ ನಾನೂ ಮಾಡಿದ್ನಲ್ಲೋ, ಯಪ್ಪಾ."

ಅಂದಿನಿಂದ ಆ ಗ್ಲಾಸಿನಲ್ಲಿ ಆಯಿಯೇ ಕುಡಿಯತೊಡಗಿದಳು. ಬೇರೆ ಕೊಟ್ಟರೆ, "ನನಗ ಅದ ಇರ್ಲಿ" ಎನ್ನುತ್ತಿದ್ದಳು.

ಈಗ ನಾನು ರಾಯಚೂರಿನಲ್ಲಿ ನೌಕರಿಯಲ್ಲಿದ್ದೇನೆ. ಸೂರು ಹೋಗಿ ಸ್ಲ್ಯಾಬಿನ ಮನೆಯಾಗಿದೆ. ಮೀನು ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ. ನಿತಾಯಿ ಬರುವುದು ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ಹೋದ ವರ್ಷ ಆಯಿ ತೀರಿಕೊಂಡಳು. ಕೇರಿಯಲ್ಲಿ ಏಕತಾರಿ ಹಿಡಿಯುವವರು ಉಳಿದಿರಲಿಲ್ಲ, ಮೊಬೈಲಿನಲ್ಲಿ ಭಜನೆ ಹಾಕಿದೆವು. ನಿತಾಯಿಗಾದರೂ ಹೇಳಿಕಳಿಸೋಣ ಎಂದು ಅಪ್ಪ ಎದ್ದರು. ಎದ್ದವರು ಅಲ್ಲೇ ನಿಂತರು. ಸಿಂಧನೂರಿನ ಆಚೆ ಕ್ಯಾಂಪುಗಳು ಹಲವು. ಅವನದು ಯಾವುದೆಂದು ನಮ್ಮ ಮನೆಯಲ್ಲಿ ಒಬ್ಬರೂ, ಒಮ್ಮೆಯೂ ಕೇಳಿರಲಿಲ್ಲ.