ಪ್ರತಿ ಊರಿನ ಕೊನೆಯ ಹೆಸರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯ ಒಂದು ಟೈಪಿಂಗ್ ಶಾಲೆಯಲ್ಲಿ ಕೆಲಸಕ್ಕಿದ್ದೆ. ಯಜಮಾನರು ಒಂದು ಕಂಪ್ಯೂಟರ್ ತರಿಸಿ, ಬಿ.ಎಸ್ಸಿ. ಮಾಡಿದವಳೆಂದು ಅದನ್ನು ನನ್ನ ತಲೆಗೆ ಕಟ್ಟಿದರು. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಅದರೊಂದಿಗೆ ಬಂದ ಪುಸ್ತಕ ಓದಿಯೇ ಕಲಿತೆ. ಕೇಳೋಣವೆಂದರೆ ಕಡೂರಿನವರೆಗೂ ಯಾರೂ ಇರಲಿಲ್ಲ.

ಮೊದಲ ದೊಡ್ಡ ಕೆಲಸ ಬಂದದ್ದು ಒಂದು ಮಠದ ಕಣ್ಣಿನ ಶಿಬಿರದಿಂದ. ಪೊರೆ ಬಂದವರನ್ನು ಆಪರೇಷನ್ನಿಗೆ ಬಸ್ಸಿನಲ್ಲಿ ಕರೆದೊಯ್ಯುವವರಿದ್ದರು. ಅವರ ಪಟ್ಟಿಯನ್ನು ಊರೂರಿನಲ್ಲೂ ಅಂಟಿಸಬೇಕಿತ್ತು. ಊರಿಗೊಂದು ಫೈಲ್ ಮಾಡಿ, ಒಬ್ಬರಿಗೆ ಒಂದು ಸಾಲಿನಂತೆ ಹೆಸರು, ವಯಸ್ಸು, ಯಾವ ಕಣ್ಣು ಎಂಬುದನ್ನು ನಡುವೆ ಕಾಮಾ ಹಾಕಿ ಟೈಪ್ ಮಾಡಿದೆ. ಪ್ರೋಗ್ರಾಂ ಸಾಲು ಸಾಲಾಗಿ ಓದಿ ಅಚ್ಚು ಹಾಕಿದರೆ ಮುಗಿಯಿತು.

ಮುಗಿಯಲಿಲ್ಲ. ಹೆಸರು ಒಂದು ಸಾಲಿನಲ್ಲಿ ಬಂದರೆ ವಯಸ್ಸು ಅದರ ಕೆಳಗೆ, ಕಣ್ಣು ಇನ್ನೂ ಕೆಳಗೆ. ಎರಡು ದಿನ ಬದಲಾಯಿಸಿದ್ದನ್ನೇ ಬದಲಾಯಿಸಿದೆ. ಯಜಮಾನರು ಬೆನ್ನ ಹಿಂದೆ ಬಂದು ನಿಂತರು.

"ಏನಮ್ಮಾ, ಟೈಪ್‌ರೈಟರ್‌ನಲ್ಲಾಗಿದ್ರೆ ಇಷ್ಟೊತ್ತಿಗೆ ಮುಗ್ದೋಗ್ತಿತ್ತಲ್ಲ?"

ಆ ಮಾತು ನಿಜವಾಗಿದ್ದರಿಂದಲೇ ಮೈಯೆಲ್ಲ ಉರಿಯಿತು. ಕೊನೆಗೆ ಪುಸ್ತಕದ ಒಂದು ಮೂಲೆಯಲ್ಲಿ ಉತ್ತರ ಸಿಕ್ಕಿತು. ಬರೀ 'ಇನ್‌ಪುಟ್' ಎಂದರೆ ಅದು ಕಾಮಾ ಕಂಡಲ್ಲೇ ನಿಂತುಬಿಡುತ್ತದಂತೆ. ಇಡೀ ಸಾಲು ಬೇಕಾದರೆ 'ಲೈನ್ ಇನ್‌ಪುಟ್' ಎನ್ನಬೇಕಂತೆ. ಒಂದು ಪದಕ್ಕೆ ಎರಡು ದಿನ! ಪಟ್ಟಿಗಳು ಅಚ್ಚಾಗಿ ಹೋದವು.

ಬಸ್ಸು ಹೊರಡುವ ಹಿಂದಿನ ದಿನ ಸಿಂಗಟಗೆರೆಯಿಂದ ಒಬ್ಬ ಅಜ್ಜಿ, ಮಗಳ ಕೈ ಹಿಡಿದು, ಕಡೂರಿನಲ್ಲಿ ಬಸ್ಸು ಬದಲಿಸಿ ನಮ್ಮ ಬಾಗಿಲಿಗೆ ಬಂದಳು. ಡಾಕ್ಟರು ಕೊಟ್ಟ ಚೀಟಿ ಮುಂದೆ ಹಿಡಿದಳು.

"ನನ್ ಹೆಸ್ರೇ ಹಾಕಿಲ್ಲ ಕಣವ್ವ. ಕ್ಯೂನಲ್ಲಿ ಕೊನೇಲಿದ್ದೆ ಅಂತ ಬಿಟ್ಬಿಟ್ರಾ?"

ಫೈಲ್ ತೆರೆದೆ. ಅವಳ ಹೆಸರಿತ್ತು, ಕಟ್ಟಕಡೆಯ ಸಾಲಿನಲ್ಲಿ. ಅಚ್ಚಾದ ಪಟ್ಟಿಯಲ್ಲಿ ಇರಲಿಲ್ಲ. ಅಂತರಘಟ್ಟೆಯ ಪಟ್ಟಿ ನೋಡಿದೆ, ಅಜ್ಜಂಪುರದ್ದು ನೋಡಿದೆ, ಅಲ್ಲೂ ಕೊನೆಯವರಿಲ್ಲ. ಅಚ್ಚು ಹಾಕಿದ ಪ್ರೋಗ್ರಾಂನ ಸಾಲುಗಳ ಮೇಲೆ ಪೆನ್ಸಿಲ್ ಆಡಿಸಿದಾಗ ತಿಳಿಯಿತು. ಮುಂದಿನ ಸಾಲು ಓದಿ, ಫೈಲ್ ಮುಗಿಯಿತೇ ಎಂದು ನೋಡಿ, ಆಮೇಲೆ ಅಚ್ಚು ಹಾಕು ಎಂದು ನಾನು ಬರೆದಿದ್ದೆ. ಕೊನೆಯ ಸಾಲು ಓದಿದೊಡನೆ ಫೈಲ್ ಮುಗಿದಿರುತ್ತಿತ್ತು. ಓದಿದ್ದನ್ನು ಅಚ್ಚು ಹಾಕದೆಯೇ ಪ್ರೋಗ್ರಾಂ ನಿಲ್ಲುತ್ತಿತ್ತು.

ಅಜ್ಜಿಯ ಹೆಸರನ್ನು ಕೈಯಲ್ಲೇ ಬರೆದುಕೊಟ್ಟೆ. ಬೇರೆ ಊರುಗಳಿಗೆ ಬಿಟ್ಟುಹೋದ ಹೆಸರು ಬರೆದ ಚೀಟಿಯನ್ನು ಬಸ್ ಕಂಡಕ್ಟರುಗಳ ಕೈಯಲ್ಲಿ ಕಳಿಸಿದೆ. ಅಂತರಘಟ್ಟೆಯದು ತಲುಪಲಿಲ್ಲ.

"ಕಂಪ್ಯೂಟರ್ ಮಿಸ್ಟೇಕು ಅಂತ ಹೇಳಿದ್ರಾಯ್ತು ಬಿಡಮ್ಮ," ಎಂದರು ಯಜಮಾನರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಭಾನುವಾರ ಅಂತರಘಟ್ಟೆಗೆ ಹೋದೆ. ಬಿಟ್ಟುಹೋಗಿದ್ದವನು ಹಗ್ಗ ಹೊಸೆಯುವ ಮುದುಕ. ಜಗಲಿಯ ಮೇಲೆ ಕೂತು, ಕಾಣದ ನಾರನ್ನು ಬೆರಳಿನಲ್ಲೇ ಹುಡುಕಿಕೊಳ್ಳುತ್ತಿದ್ದ.

"ಬಸ್ ಹತ್ತಿದ್ದೆ ಕಣಮ್ಮ. ಪಟ್ಟೀಲಿ ಇಲ್ಲ, ಇಳಿ ಅಂದ್ರು," ಎಂದ.

ಅವನ ಸೊಸೆ ನೀರು ಕೊಡುತ್ತಾ ಕೇಳಿದಳು: "ಮಿಷನ್ನೂ ತಪ್ಪು ಮಾಡ್ತದಾ?"

"ಮಿಷನ್ನಲ್ಲ, ನಾನು," ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ನನಗೂ ಬಿಡಿಸಿ ಹೇಳಲು ಬರಲಿಲ್ಲ.

ಅವನ ಕಣ್ಣಿಗೆ ಆಪರೇಷನ್ ಆದದ್ದು ಮುಂದಿನ ಶಿಬಿರದಲ್ಲಿ, ಬೇಸಿಗೆ ಕಳೆದ ಮೇಲೆ. ಆ ಹೊತ್ತಿಗೆ ಪ್ರೋಗ್ರಾಂ ಸರಿಯಾಗಿತ್ತು. ಆದರೂ ಪಟ್ಟಿ ಕೊಡುವ ಮುನ್ನ ಪ್ರತಿ ಹೆಸರನ್ನೂ ಶಿಬಿರದವರ ರಿಜಿಸ್ಟರಿನೊಂದಿಗೆ ಬೆರಳಿಟ್ಟು ಹೋಲಿಸಿದೆ. ಯಜಮಾನರು ಗೊಣಗಿದರು, ಗೊಣಗಲಿ ಎಂದು ಬಿಟ್ಟೆ.